ಕಾರು ಓಡಿಸುತ್ತಿದ್ದವರು ಯಾರು

ಶಿವಮೊಗ್ಗದಲ್ಲಿ ಎರಡು ಅಕ್ಕಿ ಗಿರಣಿಗಳ ಯಜಮಾನರಾದ ನನ್ನ ಸೋದರಮಾವ ಭದ್ರಾವತಿಯ ನಮ್ಮ ಬಾಡಿಗೆ ಮನೆಗೆ ಹೇಳದೆ ಕೇಳದೆ ಬಂದದ್ದು ಅದೊಂದೇ ಸಲ. ಬೆಳಗಿನ ಒಂಬತ್ತೂವರೆ. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಮಾವನ ಹಿಂದೆಯೇ ಅತ್ತೆ ಒಳಗೆ ಬಂದರು. ಅವರ ಮಗ ಕಾರಿನಿಂದ ಇಳಿಯಲೇ ಇಲ್ಲ.

ಮಾತಾಡಿದ್ದು ಅತ್ತೆ. ಏಳು ಗಂಟೆಗೆ ಆಯನೂರಿನ ಹತ್ತಿರ ಮಗ ಒಬ್ಬ ಸ್ಕೂಟರಿನವನಿಗೆ ಕಾರು ಗುದ್ದಿಸಿ, ನಿಲ್ಲಿಸದೆ ಮನೆಗೆ ಬಂದಿದ್ದ. ಆಸ್ಪತ್ರೆ ಸೇರಿದ ಆ ಮನುಷ್ಯನಿಗೆ ಇನ್ನೂ ಎಚ್ಚರ ಬಂದಿಲ್ಲ ಎಂದು ಇವರು ವಿಚಾರಿಸಿ ತಿಳಿದುಕೊಂಡಿದ್ದರು.

"ಮುಂದಿನ ವಾರ ಇವನ ನಿಶ್ಚಿತಾರ್ಥ, ಮಾರಾಯ್ತಿ. ನಿನ್ನ ಗಂಡ ಹೇಗೂ ನಮ್ಮ ಡ್ರೈವರು. ತಾನೇ ಓಡಿಸ್ತಿದ್ದೆ ಅಂತ ಸ್ಟೇಷನ್ನಲ್ಲಿ ಹೇಳಿಬಿಡ್ಲಿ. ಮುಂದಿಂದು ನಾವು ನೋಡ್ಕೋತೀವಿ."

ಗೋಡೆಗೆ ಒರಗಿದ್ದ ನನ್ನ ಗಂಡ ನನ್ನ ಮುಖ ನೋಡಿದರು. ನಾನು ಮಾವನ ಮುಖ ನೋಡಿದೆ. ಎಂಟನೇ ಕ್ಲಾಸಿನಲ್ಲಿ ಅಪ್ಪನನ್ನು ಕಳಕೊಂಡ ನನ್ನನ್ನು ಮನೆಯಲ್ಲಿಟ್ಟುಕೊಂಡು ಟೀಚರ್ ಮಾಡಿದವರು ಅವರು. ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂತವರು. ಹೂಂ ಅಂತಲೋ ಬೇಡ ಅಂತಲೋ ಅವರ ಬಾಯಿಂದ ಒಂದು ಮಾತು ಬರಲಿ ಎಂದು ಕಾದೆ. ಅವರು ವಾಚಿನ ಬೆಲ್ಟನ್ನು ಬಿಚ್ಚುತ್ತಾ ಹಾಕುತ್ತಾ ಕೂತಿದ್ದರು.

"ಆಯ್ತು..." ಎಂದು ನನ್ನ ಗಂಡ ಶುರುಮಾಡಿದರು.

"ಇಲ್ಲ," ಅಂದೆ. "ಇವರು ಹೋಗಲ್ಲ ಮಾವ. ಆ ಮನುಷ್ಯ ಸತ್ತೋದ್ರೆ? ನನಗೂ ಮಗಳಿದ್ದಾಳೆ."

"ಉಂಡ ಮನೆಗೇ ಎರಡು ಬಗೀತೀಯಾ!" ಅತ್ತೆ ಕೂಗಿದರು.

ಹೊರಗೆ ಹಾರ್ನ್ ಕೇಳಿತು. ಮಗನಿಗೆ ಕಾದು ಬೇಸರವಾಗಿತ್ತೇನೋ. ಆಗ ಮಾವ ಎದ್ದರು. ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ ಮಗನಿಗೆ ಹೇಳಿದರು: "ಸ್ಟೇಷನ್ನಿಗೆ ಹೋಗ್ತಿದೀವಿ. ಗುದ್ದಿದ್ದು ನೀನು, ಅದನ್ನ ನೀನೇ ಹೇಳ್ಬೇಕು."

ಸ್ಕೂಟರಿನವನು ಬದುಕಿದ, ಕುಂಟುತ್ತಾನೆ. ನಿಶ್ಚಿತಾರ್ಥ ಮುರಿಯಿತು, ಕೇಸು ನಡೆಯುತ್ತಿದೆ. ನನ್ನ ಗಂಡ ಬೇರೆ ಕಡೆ ಕೆಲಸಕ್ಕೆ ಸೇರಿದರು. ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಹೆತ್ತ ಮಗನನ್ನೇ ಒಪ್ಪಿಸಿದ ದೇವರಂಥ ಮನುಷ್ಯ ಎಂದು ನೆಂಟರೆಲ್ಲ ಮಾವನನ್ನು ಹೊಗಳುತ್ತಾರೆ. ನಾನು ತಲೆಯಾಡಿಸುತ್ತೇನೆ. ಆದರೆ ಯಾತಕ್ಕೆ ಹೋಗುತ್ತಿದ್ದೇವೆ ಎಂದು ಗೊತ್ತಿದ್ದೂ ಅವರು ಶಿವಮೊಗ್ಗದಿಂದ ನಮ್ಮ ಮನೆಯವರೆಗೆ ಬಂದಿದ್ದರಲ್ಲ.

ಹೋದ ವರ್ಷ ಕೇಳಿಯೇಬಿಟ್ಟೆ: "ನಾನು ಹೂಂ ಅಂದಿದ್ರೆ ಏನು ಮಾಡ್ತಿದ್ರಿ ಮಾವ?"

ಅವರ ಕೈ ವಾಚಿನ ಬೆಲ್ಟಿಗೆ ಹೋಯಿತು. "ಗೊತ್ತಿಲ್ಲ ಮಗಾ," ಅಂದರು.

ಸುಳ್ಳು ಹೇಳಿದ್ದರೆ ನಾನು ನಂಬುತ್ತಿದ್ದೆ. ಅವರು ಹೇಳಲಿಲ್ಲ.