ಹೊಟ್ಟೆಯಲ್ಲಿ ಕೂಸು, ಎದೆಯಲ್ಲಿ ಗಂಟು

ಕನ್ನಡನಾಡೆಲ್ಲ ಒಂದೇ ರಾಜ್ಯವಾಗಿ ಎರಡು ವರ್ಷವಾಗಿತ್ತು. ಸೊರಬದವಳಾದ ನಾನು ಶಿಕಾರಿಪುರದ ಜವಳಿ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದು ಮೊದಲ ಬಸಿರು ಹೊತ್ತಿದ್ದೆ. ನಾಲ್ಕನೇ ತಿಂಗಳಲ್ಲಿ ಸ್ನಾನ ಮಾಡುವಾಗ ಎಡ ಮೊಲೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ.

"ಹಾಲು ಕಟ್ಟೋ ಕಾಲ, ಹಂಗೇ ಇರ್ತದೆ," ಎಂದು ಅತ್ತೆ ಹರಳೆಣ್ಣೆ ಹಚ್ಚಿದರು. ತಿಂಗಳೊಳಗೆ ಅದು ನಿಂಬೆಹಣ್ಣಿನಷ್ಟಾಯಿತು. ಹೊಟ್ಟೆ ನೋಡಲು ಬಂದ ಸೂಲಗಿತ್ತಿ ಕಂಕುಳನ್ನೂ ಒತ್ತಿ ನೋಡಿ ಕೈ ಹಿಂತೆಗೆದಳು. "ಇದು ಹಾಲಲ್ರೀ. ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ."

ಶಿವಮೊಗ್ಗದಲ್ಲಿ ಡಾಕ್ಟರು ಯಜಮಾನರನ್ನು ಮಾತ್ರ ಒಳಗೆ ಕರೆದರು. ಹೊರಬಂದವರು, "ಏನಿಲ್ಲ, ಸಣ್ಣ ಆಪರೇಷನ್," ಎಂದು ಬೇರೆ ಕಡೆ ನೋಡಿದರು. ನಾನೇ ಒಳಗೆ ನಡೆದೆ.

"ನನ್ನ ಮೈ, ನನಗೆ ಹೇಳ್ರಿ."

ಡಾಕ್ಟರು ಕನ್ನಡಕ ತೆಗೆದರು. "ಕ್ಯಾನ್ಸರ್ ಇದ್ದಂಗೆ ಕಾಣ್ತದಮ್ಮ. ಬಸುರಿ ಮೈ ಅಂತ ಗುರುತಾಗದೆ ತಡ ಆಗಿದೆ."

"ಕೂಸಿಗೂ ಅಂಟುತ್ತಾ?"

"ಹಂಗೆ ಆಗೋದು ಬಹಳ ಅಪರೂಪ. ಮಗು ತೆಗೆಸಿ ಅಂತ ಕೆಲವರು ಹೇಳಬಹುದು. ತೆಗೆಸಿದರೆ ನೀವು ಉಳೀತೀರಿ ಅಂತ ನಾನು ಹೇಳಲಾರೆ. ಹೆರಿಗೆವರೆಗೆ ಕಾಯೋದು ಮಾತ್ರ ಬೇಡ."

"ಬಸುರಿಗೆ ಕತ್ತಿ ತಾಗಿಸ್ತಾರೇನು?" ಯಜಮಾನರ ಜೊತೆ ನನ್ನ ಹಿಂದೆಯೇ ಒಳಗೆ ಬಂದಿದ್ದ ಅತ್ತೆ ದನಿ ಏರಿಸಿದರು. "ಮೊದಲು ಹೆರಲಿ." ಯಜಮಾನರು ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿದರು.

"ಕಾದರೆ ಕೂಸಿಗೆ ತಾಯಿ ಇರಲ್ಲ ಅತ್ತೆ," ಎಂದೆ. ಡಾಕ್ಟರ ಕಡೆ ತಿರುಗಿ ಆಪರೇಷನ್ನಿಗೆ ಒಪ್ಪಿಕೊಂಡೆ.

ಆಪರೇಷನ್ ಮುಗಿದು ಎಚ್ಚರಾದಾಗ ಎಡ ಮೊಲೆ ತೆಗೆದು ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿದ್ದರು. ಎಡಗೈ ಏಳಲಿಲ್ಲ. ಬಲಗೈ ಹೊಟ್ಟೆಯ ಮೇಲಿಟ್ಟೆ. ಒಳಗೆ ಮಿಸುಕಾಟವಿಲ್ಲ. ನರ್ಸಮ್ಮ ಹೊಟ್ಟೆಗೆ ಕೊಳವೆಯಿಟ್ಟು ಕೇಳಿ, "ಕೂಸಿನ ಎದೆ ಬಡೀತಿದೆ, ಮದ್ದಿನ ಅಮಲಿಗೆ ಮಲಗಿದೆ," ಎಂದರು. ನನಗೆ ನಂಬಿಕೆ ಬರಲಿಲ್ಲ. ಇಡೀ ದಿನ ಕೈ ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಯಜಮಾನರು ಗಂಜಿ ಕುಡಿಸುತ್ತಿದ್ದಾಗ ಒಂದು ಒದೆ ಬಿತ್ತು. ಅವರ ಕೈ ಎಳೆದು ಅಲ್ಲಿಟ್ಟೆ. ಗಂಜಿಯೆಲ್ಲ ಹಾಸಿಗೆಗೆ ಚೆಲ್ಲಿತು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೊರಬದ ತವರಿನಲ್ಲಿ ಹೆಣ್ಣು ಕೂಸು ಹುಟ್ಟಿತು, ಸ್ವಲ್ಪ ಸಣ್ಣಗೆ. ಬಾಣಂತನ ಮುಗಿಯುವ ಮೊದಲೇ ಕಿರಣದ ಚಿಕಿತ್ಸೆಗೆಂದು ನನ್ನನ್ನು ಬೆಂಗಳೂರಿಗೆ ಕಳಿಸಿದರು. ಎಳೆಗೂಸಿದ್ದ ಅಣ್ಣನ ಹೆಂಡತಿ, ನನ್ನ ಅತ್ತಿಗೆ, ತವರಲ್ಲೇ ಉಳಿದ ನನ್ನ ಮಗಳಿಗೂ ಹಾಲು ಕೊಟ್ಟರು. ಬೆಂಗಳೂರಿನಲ್ಲಿ ನನ್ನ ಬಲಗಡೆಯ ಕುಪ್ಪಸ ದಿನವೂ ಒದ್ದೆಯಾಗುತ್ತಿತ್ತು.

ಎರಡು ತಿಂಗಳ ಮೇಲೆ ಬಂದು ಎತ್ತಿಕೊಂಡರೆ ಮಗು ಚೀರಿ ಅತ್ತಿಗೆಯ ಕಡೆ ಹೊರಳಿತು. ಅವರು ನಾಚಿ ಹಿಂದೆ ಸರಿದರು.

"ಅಳಲಿ ಬಿಡಿ ಅತ್ತಿಗೆ," ಎಂದೆ. "ನಾನು ಇನ್ನೆಲ್ಲಿಗೂ ಹೋಗಲ್ಲ."

ಅದು ನನ್ನ ಹೆಗಲ ಮೇಲೆ ತಲೆಯಿಡಲು ಒಂದು ವಾರ ಹಿಡಿಯಿತು.