ಓ ಅನ್ನುವ ತಾಮ್ರ

ಇವತ್ತು ನಾನು ಲೋಹ, ಅಲೋಹದ ಪಾಠ ಮಾಡುತ್ತಿದ್ದಾಗ ಹುಡುಗಿಯೊಬ್ಬಳ ಸ್ಟೀಲ್ ಡಬ್ಬಿ ಠಣ್ಣೆಂದು ನೆಲಕ್ಕೆ ಬಿತ್ತು. ಆ ಸದ್ದು ನನ್ನನ್ನು ಸವಣೂರಿಗೆ, ಪಾತ್ರೆಗಳ ಒಳಮೈಗೆ ತವರ ಬಳಿಯುವ ಅಪ್ಪನ ಕಲಾಯಿ ಅಂಗಡಿಗೆ ಎಳೆದೊಯ್ದಿತು.

ಅಪ್ಪನನ್ನು ನಾವು ಅಬ್ಬಾ ಎನ್ನುತ್ತಿದ್ದೆವು. ಯಾರ ಪಾತ್ರೆ ಬಂದರೂ ಅಬ್ಬಾ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದರು. "ಓ ಅಂತೈತಿ, ಗಟ್ಟಿ ಐತ್ರಿ" ಎನ್ನುತ್ತಿದ್ದರು. ಇಲ್ಲವೇ, "ಓ ಅನ್ನವಲ್ದು, ಎಲ್ಲೋ ಸೀಳೈತ್ರಿ ಅಕ್ಕಾರ." ಆ ಮಾತು ಒಮ್ಮೆಯೂ ತಪ್ಪಲಿಲ್ಲ.

ಒಂದು ದಿನ ಶಾಲೆಯಲ್ಲಿ ಮಾಸ್ತರರು ತಾಮ್ರಕ್ಕೂ ಇದ್ದಿಲಿಗೂ ಏನು ವ್ಯತ್ಯಾಸ ಎಂದು ಕೇಳಿದರು. ಹೊಳಪು, ಬಡಿದರೆ ತಗಡಾಗುವುದು, ಕರೆಂಟು ಹರಿಯುವುದು, ಎಲ್ಲವನ್ನೂ ಬೇರೆಯವರು ಹೇಳಿಬಿಟ್ಟಿದ್ದರು. ನಾನು ಎದ್ದು, "ತಾಮ್ರ ಬಡದ್ರ ಓ ಅಂತೈತ್ರಿ ಸರ್. ಇದ್ದಲಿ ಪುಡಿ ಆಗತೈತಿ, ಓ ಅನ್ನಂಗಿಲ್ರಿ" ಎಂದೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು.

ಮಾಸ್ತರರು ನಗಲಿಲ್ಲ. ತಮ್ಮ ತಾಮ್ರದ ತಂಬಿಗೆಯ ನೀರು ಚೆಲ್ಲಿ ಬಡಿದರು. ಅದರ ದನಿ ತರಗತಿಯನ್ನೆಲ್ಲ ತುಂಬಿ ನಿಧಾನವಾಗಿ ಕರಗಿತು.

"ಪುಸ್ತಕದಾಗ ಇದಕ್ಕ ನಾದಗುಣ ಅಂತ ಬರದಾರ. ನಿನಗ ಯಾರು ಕಲಿಸಿದ್ರವಾ?"

"ನಮ್ಮ ಅಬ್ಬಾ ಕಲಿಸ್ಯಾರ್ರಿ. ಕಲಾಯಿ ಹಾಕ್ತಾರ್ರಿ." ಅಲ್ಲಿಯವರೆಗೆ ಅಬ್ಬಾನ ಕೆಲಸವನ್ನು ಶಾಲೆಯಲ್ಲಿ ಮುಚ್ಚಿಟ್ಟಿದ್ದವಳು ನಾನು. ಅವತ್ತು ತಲೆಯೆತ್ತಿ ಹೇಳಿದೆ.

ಇವತ್ತು ಬಿದ್ದ ಡಬ್ಬಿಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಗೆಣ್ಣಿನಿಂದ ಬಡಿದೆ. ಬೈಗುಳಕ್ಕೆ ಕಾಯುತ್ತಿದ್ದ ಹುಡುಗಿ ಕಣ್ಣರಳಿಸಿದಳು.

"ಅಂಜಬ್ಯಾಡವಾ" ಎಂದೆ, "ಓ ಅಂತೈತಿ."