ಹಿತ್ತಲಿನ ಬಾವಿ

ಜೆ.ಪಿ. ನಗರದ ಕೊನೆಯ ಹಂತದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಸ್ವಿಚ್ಚು, ಪ್ಲಗ್ಗು ತಯಾರಾಗುತ್ತವೆ. ಹೊರದೇಶದ ಗಿರಾಕಿಯೊಬ್ಬರು ಪರಿಸರ ಪ್ರಮಾಣಪತ್ರ ಕೇಳಿದರು. ಅದರ ಮೊದಲ ಹೆಜ್ಜೆಯಾದ ಆರಂಭಿಕ ಪರಿಶೀಲನೆ ನನ್ನ ಹೆಗಲಿಗೆ ಬಿತ್ತು, ರಸಾಯನಶಾಸ್ತ್ರ ಓದಿದವನು ನಾನೊಬ್ಬನೇ ಎಂಬ ಕಾರಣಕ್ಕೆ. ಏನು ಒಳಗೆ ಬರುತ್ತದೆ, ಏನು ಹೊರಗೆ ಹೋಗುತ್ತದೆ, ಎಲ್ಲಿ ಸೋರುತ್ತದೆ ಎಂದು ನೋಡಬೇಕು. ಈ ಜಾಗದಲ್ಲಿ ಹಿಂದೆ ಏನಿತ್ತು ಎಂದೂ ಕೇಳಬೇಕು.

ಸ್ಟೋರ್ಸ್ ನೋಡಿಕೊಳ್ಳುವ ಮೇಡಂ ಜೊತೆಗೆ ಬಂದರು. ನಾವಿಬ್ಬರೂ ಒಂದೇ ಕಾಲಕ್ಕೆ ಸೇರಿದವರು. ನಮ್ಮಷ್ಟು ಹಳಬರು ಇನ್ನಾರೂ ಉಳಿದಿಲ್ಲ. ಜನರೇಟರಿನ ಕೆಳಗೆ ಡೀಸೆಲ್ ಕುಡಿದ ಮಣ್ಣು, ಎಣ್ಣೆ ತೇಲುವ ಮೋರಿ ನೋಡಿಕೊಂಡು ಹಿತ್ತಲಿಗೆ ಹೋದೆವು. ಅಲ್ಲೀಗ ಕೆಲಸಗಾರ ಹೆಂಗಸರ ಮಕ್ಕಳಿಗೆ ಶಿಶುವಿಹಾರವಿದೆ. ಮೇಡಂ ಮಗಳು ಪ್ಯಾಕಿಂಗ್ ವಿಭಾಗದಲ್ಲಿ, ಮೊಮ್ಮಗಳು ಇಲ್ಲಿ. ಅಜ್ಜಿಯನ್ನು ಕಂಡು ಮಗು ಕಿಟಕಿಯ ಸರಳು ಹಿಡಿದು ಕುಣಿಯಿತು.

"ಪ್ಲೇಟಿಂಗ್ ಶೆಡ್ ಇಲ್ಲೇ ಇತ್ತಲ್ವಾ? ಪಕ್ಕದಲ್ಲಿ ಬಾವಿ. ಕೊಳೆ ನೀರೆಲ್ಲಾ ಅದಕ್ಕೇ ಸುರೀತಿದ್ರು" ಎಂದೆ. ಪ್ಲಗ್ಗಿನ ಪಿನ್ನುಗಳಿಗೆ ಲೋಹದ ಲೇಪ ಹಾಕುತ್ತಿದ್ದ ಆ ಶೆಡ್ ಕೆಡವಿ, ಬಾವಿ ಮುಚ್ಚಿ ಎಷ್ಟೋ ವರ್ಷವಾಗಿತ್ತು.

"ಶೆಡ್ ಸರಿ. ಬಾವಿ ಗೇಟ್ ಹತ್ರ ಸಾರ್. ದಿನಾ ಬೈಕ್ ಕೀ ಎಲ್ಲಿ ಅಂತ ನನ್ನನ್ನ ಕೇಳ್ತೀರಾ, ಬಾವಿ ಮಾತ್ರ ನೆನಪಿದೆ ಅಂತೀರಲ್ಲ!"

ನಕ್ಕುಬಿಟ್ಟೆ. ಆದರೆ ಅಲ್ಲಿಂದಾಚೆ ಒಂದು ಕಡೆ ಕೂರಲಾಗಲಿಲ್ಲ. ಬಾವಿಯ ಕಟ್ಟೆ, ಹಳದಿ ನೊರೆ, ಮೇಲೆ ಬಾಗಿದ ಬೇವಿನ ಮರ ನನ್ನ ನೆನಪಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಆ ಬೇವು ನಾನು ಓದಿದ ಕಾಲೇಜಿನದಾಗಿರಲೂಬಹುದು. ಬೇರೆಯವರ ನೆನಪನ್ನು ಪುರಾವೆಯೆಂದು ನಾನು ಎಂದೂ ಒಪ್ಪಿದವನಲ್ಲ. ನನ್ನದನ್ನು ಹೇಗೆ ಒಪ್ಪಲಿ? ಗೇಟಿನಿಂದ ಹಿತ್ತಲಿಗೆ ಮತ್ತೆ ಮತ್ತೆ ನಡೆದೆ. ಎಲ್ಲ ಕಡೆಯೂ ಕಾಂಕ್ರೀಟು.

ಶಿಶುವಿಹಾರದ ನಲ್ಲಿಗೆ ಬರುವುದು ಹಿತ್ತಲಿನ ಬೋರ್‌ವೆಲ್ ನೀರು. ಮಕ್ಕಳ ರಾಗಿ ಗಂಜಿಯೂ ಅದರಲ್ಲೇ. ನೀರನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶ ಬರುವವರೆಗೆ ನಲ್ಲಿ ಮುಚ್ಚಿಸಿ ಎಂದು ಮ್ಯಾನೇಜರಿಗೆ ಹೇಳಿದೆ.

"ತಾಯಂದಿರು ಗಾಬರಿ ಆಗ್ತಾರೆ ಸಾರ್. ಕಣ್ಣಿಗೆ ಕಾಣೋದನ್ನ ಬರೀರಿ, ಸಾಕು. ಇಲ್ಲದಿರೋ ಬಾವೀನ ಎಲ್ಲಿಂದ ತರ್ತೀರಾ?"

ನಲ್ಲಿ ಹರಿಯುತ್ತಲೇ ಇತ್ತು. ಮೇಡಂಗೆ ಮಾತ್ರ, ಮಗುವಿಗೆ ಮನೆಯಿಂದ ನೀರು ತನ್ನಿ ಎಂದೆ. "ನಿಮ್ಮ ಅನುಮಾನಕ್ಕೆ ಮದ್ದಿಲ್ಲ ಬಿಡಿ" ಎಂದರು. ಆದರೂ ಮರುದಿನದಿಂದ ಮಗುವಿನ ಕೊರಳಲ್ಲಿ ಒಂದು ಬಾಟಲಿ ನೇತಾಡತೊಡಗಿತು.

ಕೊನೆಗೆ ನಾನೇ ಪರೀಕ್ಷೆಗೆ ಕಳಿಸಿದ ನೀರಿನಲ್ಲಿ ಕ್ರೋಮಿಯಂ ಇತ್ತು, ಇರಬಾರದಷ್ಟು. ಪ್ಲೇಟಿಂಗ್‌ಗೆ ಬಳಸುತ್ತಿದ್ದ ಅದೇ ಲೋಹ. ಅಂದೇ ನಲ್ಲಿಗೆ ತಂತಿ ಬಿಗಿದು ಮುಚ್ಚಿಸಿದರು. ಬಾವಿ ಎಲ್ಲಿತ್ತು ಎಂಬುದನ್ನು ನೀರು ಹೇಳಲಿಲ್ಲ.

ಸಂಜೆ ಮೇಡಂ ನನ್ನ ಮೇಜಿನ ಬಳಿ ಬಂದು ನಿಂತರು.

"ಸಾರ್, ಬಾವಿ ಗೇಟ್ ಹತ್ರಾನೇ ಇದ್ದಿದ್ರೆ, ಅಲ್ಲಿಂದ ಇಲ್ಲೀವರೆಗೂ ನೆಲದೊಳಗೆ ಬರೋಕೆ ತುಂಬಾ ಕಾಲ ಹಿಡೀತಿತ್ತು ಅಲ್ವಾ? ಈಗ ಮೊನ್ನೆ ಮೊನ್ನೆ ಬಂದು ಸೇರಿರ್ಬೇಕು ಅಲ್ವಾ?"

ಮಗು ಹಾಲು ಬಿಟ್ಟಾಗಿನಿಂದ ಬಾಟಲಿ ಬರುವವರೆಗೂ ಕುಡಿದದ್ದು ಆ ನೀರನ್ನೇ. ಹಿತ್ತಲಿನ ಬಾವಿ ನನ್ನ ಕಣ್ಣ ಮುಂದೆ ಅಷ್ಟೇ ಸ್ಪಷ್ಟವಾಗಿತ್ತು. ಅವರಿಗೋಸ್ಕರ ಒಂದೇ ಒಂದು ಸಲ ಅದು ಗೇಟಿನ ಹತ್ತಿರ ಇತ್ತೆಂದು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಆಗಲಿಲ್ಲ.

"ಮಗೂನ ಡಾಕ್ಟರಿಗೆ ತೋರಿಸಿ ಮೇಡಂ" ಎಂದೆ.

ಅವರು ಗೇಟಿನ ಕಡೆ ನೋಡದೆ, ಮಗಳನ್ನು ಕರೆಯಲು ಪ್ಯಾಕಿಂಗ್ ವಿಭಾಗಕ್ಕೆ ಹೊರಟರು.